ದೀಪ ಹಿಡಿದು ಹೇಳಿದ ಮಾತು

"ಏನೋ ಅದು ಮೋರೆ? ಹೆಣ ಹೊರೋಕೆ ಬಂದಿದೀಯೋ, ಕೆಲ್ಸಕ್ಕೆ ಬಂದಿದೀಯೋ? ನೋಡ್ಕಳ್ಳೋ ಕನ್ನಡೀಲಿ, ಬೇವರ್ಸಿ ನನ್ಮಗನೆ!"

ಮೇಸ್ತ್ರಿ ನಂಜುಂಡಸ್ವಾಮಿ ದೇವರಾಜುವಿನ ಕತ್ತಿನ ಪಟ್ಟಿ ಹಿಡಿದು ಗೇಟಿನ ಪಕ್ಕದ ಕನ್ನಡಿಯ ಮುಂದೆ ನಿಲ್ಲಿಸಿದ್ದ. ಆಳೆತ್ತರದ ಕನ್ನಡಿ. ಹಿಂದಿನ ಸಂಜೆಯಷ್ಟೇ ತಂದು ಗೋಡೆಗೆ ಹೊಡೆದಿದ್ದರು. ಅದರ ನೆತ್ತಿಯ ಮೇಲೆ ಕೆಂಪು ಬಣ್ಣದಲ್ಲಿ 'ನಗುತ್ತಾ ಒಳಗೆ ಬನ್ನಿ' ಎಂದು ಬರೆಸಿದ್ದರು. ಊದುಬತ್ತಿ ಫ್ಯಾಕ್ಟರಿಯ ಹೆಂಗಸರೆಲ್ಲ ಬುತ್ತಿ ಚೀಲ ಹಿಡಿದು ಹಿಂದೆ ಸಾಲುಗಟ್ಟಿದ್ದರು. ಒಬ್ಬೊಬ್ಬರೂ ಕನ್ನಡಿಗೆ ಹಲ್ಲು ತೋರಿಸಿಯೇ ಒಳಗೆ ಹೋಗಬೇಕು ಅನ್ನುವುದು ಅವತ್ತಿನಿಂದ ಕಾನೂನು.

"ನಗೋ."

ದೇವರಾಜು ನಗಲಿಲ್ಲ.

"ಹಲ್ಲು ಕಿಸಿಯೋ! ನಿಮ್ಮಪ್ಪನ ಗಂಟೇನು ಕರಗೋಯ್ತದೆ?"

ಕನ್ನಡಿಯೊಳಗೆ, ದೇವರಾಜುವಿನ ಹೆಗಲ ಹಿಂದೆ, ಚಿಕ್ಕ ಯಜಮಾನ ಗುರುಕಿರಣ್ ಕಾಣುತ್ತಿದ್ದ. ಕಾರಿಗೆ ಒರಗಿಕೊಂಡು, ಬೆಲ್ಟಿಗೆ ಸಿಕ್ಕಿಸಿದ ಮೊಬೈಲನ್ನು ಸವರುತ್ತ ನಿಂತಿದ್ದ. ಅವನು ನಕ್ಕ. ಅವನಿಗೆ ನಗುವುದಕ್ಕೆ ಕನ್ನಡಿ ಬೇಕಿರಲಿಲ್ಲ.

"ಬಿಡಿ ಮೇಸ್ತ್ರಿ. ಎಮ್ಮೆಗೆ ನಗು ಅಂದ್ರೆ ನಗುತ್ತಾ? ಒಂಬತ್ತನೇ ಕ್ಲಾಸು ದಾಟದ ಮುಖ ಅದು. ಇಂಥವ್ರಿಗೋಸ್ಕರಾನೇ ನಾಳೆಯಿಂದ ಟ್ರೈನಿಂಗ್ ಇಡಿಸಿರೋದು."

ಸಾಲಿನಲ್ಲಿ ಇಬ್ಬರು ಮೂವರು ಕಿಸಕ್ಕೆಂದರು. ಯಜಮಾನ ತಮಾಷೆ ಮಾಡಿದಾಗ ನಗದಿದ್ದರೆ ಅದೂ ಒಂದು ತಪ್ಪಾದೀತೆಂಬ ಭಯ ಅವರಿಗೆ. ದೇವರಾಜು ಮೇಲ್ದುಟಿಯನ್ನು ಮೇಲಕ್ಕೆತ್ತಿ ಹಲ್ಲು ತೋರಿಸಿದ. ಬೀದಿ ನಾಯಿ ಕಚ್ಚುವ ಮುಂಚೆ ತೋರಿಸುತ್ತದಲ್ಲ, ಹಾಗೆ.

"ಹಾಂ, ಅಷ್ಟು ಸಾಕು. ನಡಿ ಒಳಕ್ಕೆ," ಅಂದ ಮೇಸ್ತ್ರಿ.

ಇದೆಲ್ಲ ಯಾತಕ್ಕೆ ಶುರುವಾಯಿತು ಅನ್ನುವುದು ದೇವರಾಜುವಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಮದರಾಸಿನ ವ್ಯಾಪಾರಿಯೊಬ್ಬ ಒಂದು ಲಾರಿ ಮಾಲು ವಾಪಸ್ಸು ಕಳಿಸಿದ್ದ. ಪ್ಯಾಕೆಟ್ಟಿನ ಮೇಲೆ ಶ್ರೀಗಂಧದ ಚಿತ್ರ, ಹಚ್ಚಿದರೆ ಮಲ್ಲಿಗೆಯ ಘಮ. ಅದ್ದುವ ಮನೆಯಲ್ಲಿ ಯಾರೋ ಗಂಧದ ಕಡ್ಡಿಯನ್ನು ಮಲ್ಲಿಗೆ ಎಣ್ಣೆಯ ತೊಟ್ಟಿಗೆ ಅದ್ದಿಬಿಟ್ಟಿದ್ದರು. ಅವತ್ತು ಗುರುಕಿರಣ್ ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸಿ ಯಾರು ಯಾರು ಎಂದು ಕೂಗಾಡಿ ಗಂಟಲು ಹರಿದುಕೊಂಡರೂ ಒಂದು ಬಾಯಿಯೂ ತೆರೆದಿರಲಿಲ್ಲ. ಅದಾದ ಮೇಲೆ ಅವನು ದಿಢೀರನೆ ಮೆತ್ತಗಾದ. ಗದರುವುದನ್ನು ಬಿಟ್ಟ. "ನಿಮ್ಮೆಲ್ಲರ ಮನಸ್ಸಿನ ಆರೋಗ್ಯ ನಮಗೆ ಮುಖ್ಯ" ಅನ್ನತೊಡಗಿದ. ಬೈಯುವ ಕೆಲಸವನ್ನು ಮೇಸ್ತ್ರಿಗೆ ಪೂರ್ತಿ ಗುತ್ತಿಗೆ ಕೊಟ್ಟ.

ಬೆಕ್ಕು ಕಣ್ಣು ಮುಚ್ಚಿ ಕೂತರೆ ಇಲಿ ನಿದ್ದೆ ಮಾಡಬಾರದು ಎಂದುಕೊಂಡ ದೇವರಾಜು.

ಅದ್ದುವ ಮನೆಯಲ್ಲಿ ಖಾಯಮ್ಮಾಗಿ ಇದ್ದವರು ಇಬ್ಬರೇ: ಅವನು ಮತ್ತು ಬಸಮ್ಮ. ಅವಸರ ಬಿದ್ದಾಗ ಬೇರೆಯವರೂ ಕೈಹಾಕುತ್ತಿದ್ದರು, ಯಾವ ಕಟ್ಟು ಯಾರು ಅದ್ದಿದ್ದೆಂದು ಆಫೀಸಿನಲ್ಲಿ ಲೆಕ್ಕ ಇಡುತ್ತಿರಲಿಲ್ಲ. ಬಸಮ್ಮ ಈ ಫ್ಯಾಕ್ಟರಿಗಿಂತ ಹಳಬಳು. ದೊಡ್ಡ ಯಜಮಾನರು ಷಡಕ್ಷರಿಯವರು ಅಗ್ರಹಾರದ ಓಣಿಯ ಮನೆಯೊಂದರಲ್ಲಿ ನಾಲ್ಕು ಮಣೆ ಹಾಕಿ ಕಡ್ಡಿ ಹೊಸೆಯಿಸುತ್ತಿದ್ದ ಕಾಲದಿಂದ ಇದ್ದವಳು. ಅವರು ಯಾದವಗಿರಿಯಲ್ಲಿ ಬಂಗಲೆ ಕಟ್ಟಿಸಿದ್ದನ್ನೂ, ಫ್ಯಾಕ್ಟರಿ ಶ್ರೀರಾಂಪುರದ ಅಂಚಿನ ಈ ತಗಡಿನ ಷೆಡ್ಡಿಗೆ ಬಂದದ್ದನ್ನೂ, ಕೊನೆಗೆ ಅವರ ಹೆಣ ಎತ್ತಿದ್ದನ್ನೂ ಕಂಡವಳು. "ನೀನು ನಮ್ಮೋಳು ಕಣಮ್ಮ, ಲಿಂಗ ಕಟ್ಟಿದೋಳು" ಎಂದು ದೊಡ್ಡವರು ಹೇಳುತ್ತಿದ್ದರಂತೆ. ಹಬ್ಬಕ್ಕೆ ಮನೆಗೆ ಕರೆದು ಹೋಳಿಗೆಯನ್ನೂ ಕೊಡುತ್ತಿದ್ದರಂತೆ, ಹಿತ್ತಲ ಬಾಗಿಲಲ್ಲಿ. ಆ ಮಾತನ್ನು ಬಸಮ್ಮ ಇನ್ನೂ ಬಂಗಾರದ ಹಾಗೆ ಇಟ್ಟುಕೊಂಡಿದ್ದಳು.

ಕಡ್ಡಿಯ ಕಟ್ಟನ್ನು ಬುಡ ಹಿಡಿದು ಎಣ್ಣೆ ತೊಟ್ಟಿಗೆ ಅದ್ದುವುದು, ಒದರುವುದು, ಜಾಲರಿಯ ಮೇಲೆ ಹರಡುವುದು. ದಿನವಿಡೀ ಅಷ್ಟೇ ಕೆಲಸ. ಸೆಂಟು ಬೆರೆಸಿದ ಆ ಎಣ್ಣೆಯ ಆವಿ ತಗಡಿನ ಕೆಳಗೆ ಹಬೆಯಂತೆ ಕವಿದಿರುತ್ತಿತ್ತು. ಹೊಸಬರಿಗೆ ವಾಂತಿ, ಹಳಬರಿಗೆ ತಲೆನೋವು. ಕಿಟಕಿ ತೆಗೆದರೆ ಘಮ ಹಾರಿಹೋಗುತ್ತದೆಂದು ಗುರುಕಿರಣ್ ಕಿಟಕಿಗೆ ಹಲಗೆ ಹೊಡೆಸಿದ್ದ. ಮೊದಲು ತೊಟ್ಟಿಗಳ ಮೇಲೆ ಹೂವಿನ ಚಿತ್ರ ಅಂಟಿಸಿರುತ್ತಿದ್ದರು. ಬೇರೆ ಕಂಪನಿಯವರು ಆಳುಗಳ ಕೈಲಿ ಗುಟ್ಟು ಕದಿಸಿಯಾರು ಎಂಬ ಗುಮಾನಿಯಿಂದ ಅದನ್ನೂ ಕಿತ್ತು ಹಾಕಿಸಿದ. ಈಗ ಎಲ್ಲ ತೊಟ್ಟಿಯೂ ಒಂದೇ ಬಣ್ಣ, ಎಲ್ಲ ಎಣ್ಣೆಯೂ ಒಂದೇ ಬಣ್ಣ. ಮೂಗೇ ಗತಿ.

ಬಸಮ್ಮನಿಗೆ ಮೂಗು ಇರಲಿಲ್ಲ.

ಅದು ದೇವರಾಜುವಿಗೆ ತಿಳಿದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಬಸಮ್ಮ ಬುತ್ತಿ ಬಿಚ್ಚಿದಾಗ ಕಾಯಿಚಟ್ನಿ ಹಳಸಿದ ನಾತ ಆ ಸೆಂಟಿನ ಆವಿಯನ್ನೂ ಸೀಳಿಕೊಂಡು ಅವನ ಮೂಗಿಗೆ ಬಡಿದಿತ್ತು. ಅವಳು ನೆಮ್ಮದಿಯಾಗಿ ರೊಟ್ಟಿಗೆ ಅದ್ದಿಕೊಂಡು ತಿನ್ನುತ್ತಿದ್ದಳು.

"ಅಕ್ಕ, ಹಳ್ಸೋಗೈತೆ ಕಣಕ್ಕ, ಉಗಿ!"

ಅವಳ ಕೈ ಬಾಯಿಯ ಹತ್ತಿರವೇ ನಿಂತಿತು. ಸುತ್ತ ನೋಡಿ, ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿನಿಂದಲೇ ಒತ್ತಿ ಹಿಡಿದು, "ಯಾರ್ಗೂ ಏಳ್ಬ್ಯಾಡ ಕಣ್ಲಾ ಮಗ. ವರ್ಸಾಗೋಯ್ತು. ಒಲೆ ಮ್ಯಾಲೆ ಹಾಲು ಸೀದ್ರೂ ತಿಳೀದು. ಇವ್ರಿಗೆ ಗೊತ್ತಾದ್ರೆ ನಾಳೆ ಬೀದೀಗೆ ಬೀಳ್ತೀನಿ" ಅಂದಳು.

ಅವತ್ತಿನಿಂದ ಅವಳು ತೊಟ್ಟಿಯ ಮುಂದೆ ನಿಂತು ಮೊಣಕೈಯಿಂದ ಅವನನ್ನು ಮೆಲ್ಲಗೆ ತಿವಿಯುವಳು. ಅವನು ತಲೆಯೆತ್ತದೆ "ಗಂಧ" ಅನ್ನುವನು, ಇಲ್ಲ "ಮಲ್ಲಿಗೆ" ಅನ್ನುವನು. ಅವಳ ಮೂಗು ಅವನ ಮುಖದಲ್ಲಿತ್ತು. ಅವನು ತನ್ನ ಒಡಹುಟ್ಟಿದ ಅಕ್ಕನ ಮಗನ ಮುಡಿ ತೆಗೆಸಲು ನಂಜನಗೂಡಿಗೆ ಹೋಗಿದ್ದ ಒಂದೇ ಒಂದು ದಿನ ಆ ತಪ್ಪು ಆಗಿಹೋಗಿತ್ತು.

ಮಾರನೆಯ ದಿನ ಟ್ರೈನಿಂಗ್ ಮಾಡಲು ಸಂಜಯ್ ಎಂಬುವನು ಬಂದ. ಬಿಳಿ ಶರ್ಟು, ಟೈ, ಕೈಯಲ್ಲಿ ಮೈಕು. ಊಟದ ಷೆಡ್ಡಿನಲ್ಲಿ ಎಲ್ಲರನ್ನೂ ದುಂಡಗೆ ಕೂರಿಸಿದ. ಕೋಪದ ಮುಖ, ಅಳುವ ಮುಖ, ನಗುವ ಮುಖಗಳ ಚಿತ್ರ ತೋರಿಸಿದ.

"ಎಲ್ಲರೂ ಎದೆ ಮೇಲೆ ಕೈಯಿಟ್ಟು ಹೇಳಿ. ನನ್ನ ಮೇಲೆ ನನಗೆ ನಂಬಿಕೆ ಇದೆ!"

"ನನ್ ಮೇಲೆ ನಂಗೆ ನಂಬ್ಕೆ ಐತೆ!"

"ಇನ್ನೂ ಜೋರಾಗಿ! ನನ್ನಿಂದ ಆಗುತ್ತೆ!"

"ನನ್ನಿಂದ ಆಯ್ತದೆ!"

"ನನ್ನಿಂದ ಆರ್ ಮಕ್ಳಾದೊ ಸಾರ್, ಇನ್ನೇನಾಗ್ಬೇಕು?" ಅಂದಳು ಪ್ಯಾಕಿಂಗಿನ ನೀಲಮ್ಮ. ಷೆಡ್ಡೇ ಕಿತ್ತುಹೋಗುವಂತೆ ನಗು. ಸಂಜಯ್ ಕೂಡ ನಕ್ಕ. ಆಮೇಲೆ ದನಿಯನ್ನು ಜೇನಿನಲ್ಲಿ ಅದ್ದಿ, "ಈಗ ಒಬ್ಬೊಬ್ಬರೇ ಮನಸ್ಸು ಬಿಚ್ಚಿ ಮಾತಾಡಿ. ಈಗ ನಿಮಗೆ ಏನು ಅನ್ನಿಸ್ತಿದೆ? ನಿಮಗೆ ಏನು ನೋವಿದೆ? ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಹೊರಗೆ ಹೋಗಲ್ಲ" ಅಂದ.

ನಗು ತಟ್ಟನೆ ನಿಂತಿತು. ಬಾಗಿಲ ಹತ್ತಿರ ಗುರುಕಿರಣ್ ಕೈಕಟ್ಟಿ ನಿಂತಿದ್ದ.

"ಚೆನ್ನಾಗಿದೀವಿ ಸಾರ್."

"ಏನೂ ನೋವಿಲ್ಲ ಸಾರ್."

"ಯಜಮಾನ್ರು ದೇವ್ರಂಗವ್ರೆ ಸಾರ್."

ಒಂದು ಸುತ್ತು ಪೂರ್ತಿ ಇದೇ. ಸಂಜಯನ ಮುಖ ಬಾಡಿತು. ದೇವರಾಜುವಿಗೆ ಒಳಗೊಳಗೇ ಖುಷಿ. 'ಕುರಿಗಳಲ್ಲ ಕಣಯ್ಯ ಇವು, ಉಪ್ಪು ತೋರಿಸಿದರೆ ಬರೋದಕ್ಕೆ' ಎಂದುಕೊಂಡ.

ಆದರೆ ಸಂಜೆ ಸೈಕಲ್ಲು ತೆಗೆಯುವಾಗ ಬೇವಿನಮರದ ಕೆಳಗೆ ಮೇಸ್ತ್ರಿಯೂ ಸಂಜಯನೂ ಮಾತಾಡುತ್ತಿದ್ದುದು ಅವನ ಕಿವಿಗೆ ಬಿತ್ತು.

"ಇವು ಅಂಗೆಲ್ಲ ಬಾಯ್ಬಿಡಕುಲ್ಲ ಸಾರ್. ನಾನೂ ಇವ್ರ ಪೈಕೀನೇಯ, ನಂಗೊತ್ತಿಲ್ವ? ನಮ್ಮೂರ್ ಕಡೆ ಕಳ್ತನ ಗಿಳ್ತನ ಆದ್ರೆ ಪೋಲೀಸಿಗೆ ಓಗಕುಲ್ಲ. ದೀಪ ಹಚ್ಚಿ ಕೈಗೆ ಕೊಡ್ತಾರೆ. ದೀಪ ಇಡ್ಕಂಡು ಸುಳ್ಳೇಳಿದ್ರೆ ಮನೆ ದೀಪ ಆರೋಯ್ತದೆ ಅಂತ. ಒಂದ್ ದೀಪ ಇಡಿ ಸಾರ್, ತಾಯಿ ಹೊಟ್ಟೇಲಿದ್ದುದ್ನೂ ಕಕ್ತವೆ."

ಸಂಜಯ್ ಬೆರಗಾಗಿ, "ಎಷ್ಟು ಬ್ಯೂಟಿಫುಲ್ ಕಸ್ಟಮ್ ಅದು!" ಅಂದ.

ದೇವರಾಜು ಸೈಕಲ್ಲು ತುಳಿದುಕೊಂಡು ಹೋಗಿ, ಬಸ್ ಸ್ಟಾಪಿನಲ್ಲಿ ನಿಂತಿದ್ದ ಬಸಮ್ಮನನ್ನು ಹಿಡಿದ. "ಅಕ್ಕ, ನಾಳೆ ದೀಪ ತತ್ತಾರೆ. ನೀ ಬರ್ಬ್ಯಾಡ. ಜ್ವರ ಅಂತೇಳಿ ಮನೇಲಿರು."

"ರಜ ಹಾಕಿದ್ರೆ ಅದ್ಕೊಂದು ಕ್ಯಾತೆ ತೆಗೀತನಲ್ಲೋ ಮೇಸ್ತ್ರಿ?"

"ಬಂದ್ರೆ ಸುಳ್ಳೇಳು ಮತ್ತೆ. ನಿನ್ನ ಕುತ್ತಿಗೆ ಕೊಯ್ಯಕ್ಕೆ ತರ್ತಾವ್ರೆ ಅದ. ದೇವರ ದೀಪ ಅಲ್ಲ ಕಣಕ್ಕ ಅದು, ಯಜಮಾನನ ದೀಪ."

ಬಸಮ್ಮ ಅವನನ್ನು ವಿಚಿತ್ರವಾಗಿ ನೋಡಿದಳು. "ದೀಪದಾಗೆ ಅದೂ ಇದೂ ಅಂತ ಐತೇನ್ಲಾ?" ಅಂದಳು.

ಮಾರನೆಯ ದಿನ ಊಟದ ಷೆಡ್ಡಿನ ಕಿಟಕಿಗಳಿಗೆ ಚೀಲ ಕಟ್ಟಿ ಕತ್ತಲೆ ಮಾಡಿದ್ದರು. ನಡುವೆ ಹಿತ್ತಾಳೆಯ ದೀಪ. ಗುರುಕಿರಣ್ ಅದನ್ನು ಯಾದವಗಿರಿಯ ಮನೆಯ ದೇವರ ಕೋಣೆಯಿಂದಲೇ ತಂದಿದ್ದನಂತೆ. ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು ಒಳಗೆ ಬಂದರು. ನೀಲಮ್ಮ ಕೂಡ ತಮಾಷೆ ಮಾಡಲಿಲ್ಲ.

ದೀಪ ಕೈಯಿಂದ ಕೈಗೆ ಹೋಯಿತು. ಒಬ್ಬಳು ಗಂಡನ ಏಟಿನ ಗುರುತು ತೋರಿಸಿದಳು. ಮತ್ತೊಬ್ಬಳು ಬಸುರಿಯಾಗಿದ್ದನ್ನು ಮುಚ್ಚಿಟ್ಟಿದ್ದೇನೆ ಅಂದಳು. ನೀಲಮ್ಮ, "ಮೇಸ್ತ್ರಿ ಹಿಂದಿನಿಂದ ಬಂದು ಮೈಸವರ್ತಾನೆ" ಎಂದು ಹೇಳಿ ಬಿಕ್ಕಿದಳು. ಮೇಸ್ತ್ರಿ ಕತ್ತಲೆಯಲ್ಲಿ ಕೆಮ್ಮಿದ. ಸಂಜಯ್ ಕಣ್ಣು ಒರೆಸಿಕೊಂಡು ಎಲ್ಲದಕ್ಕೂ ಚಪ್ಪಾಳೆ ತಟ್ಟಿಸುತ್ತಿದ್ದ. ಅವನ ಕಣ್ಣೀರು ನಿಜವೇ ಇರಬೇಕು. ಅದೇ ದೇವರಾಜುವಿಗೆ ಹೆಚ್ಚು ಭಯ ಹುಟ್ಟಿಸಿತು.

ದೀಪ ಅವನ ಕೈಗೆ ಬಂತು. ಪಕ್ಕದಲ್ಲಿ ಬಸಮ್ಮ. ಹಟ್ಟಿಯಲ್ಲಿ ಅವ್ವ ಹಚ್ಚುವ ದೀಪ ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ನಂಗೇನೂ ನೋವಿಲ್ಲ. ಇಲ್ಲಿ ಸ್ವರ್ಗದಂಗದೆ. ಮದ್ರಾಸಿನ ಮಾಲು ಕೆಡಿಸ್ದೋನು ನಾನೇಯ. ಕಣ್ತಪ್ಪಿ ಮಾಡ್ಬುಟ್ಟೆ."

ಹೆಂಗಸರು ಉಸಿರು ಎಳೆದುಕೊಂಡರು. ಅವತ್ತು ಅವನು ನಂಜನಗೂಡಿಗೆ ಹೋಗಿದ್ದು, ಪ್ರಸಾದ ತಂದು ಹಂಚಿದ್ದು ಎಲ್ಲರಿಗೂ ಗೊತ್ತು. ದೀಪ ಹಿಡಿದು ಸುಳ್ಳು! ಯಾರೋ "ಶಿವಶಿವಾ" ಅಂದರು.

ಬಸಮ್ಮ ಅವನ ಕೈಯಿಂದ ದೀಪವನ್ನು ಕಿತ್ತುಕೊಂಡಳು, ಮಗುವಿನ ಕೈಯಿಂದ ಕತ್ತಿ ಕಿತ್ತುಕೊಳ್ಳುವಂತೆ.

"ಬ್ಯಾಡ ಕಣಕ್ಕ," ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ. "ಬ್ಯಾಡ."

"ಸುಮ್ಕಿರು. ನನ್ ಪಾಪಕ್ಕೆ ನೀ ಯಾಕ್ಲಾ ಮನೆ ಹಾಳ್ ಮಾಡ್ಕತೀಯ?" ಅವಳು ದೀಪವನ್ನು ಎದೆಯ ಮಟ್ಟಕ್ಕೆ ಎತ್ತಿದಳು. ವಿಭೂತಿ ಹಚ್ಚಿದ ಹಣೆ ಬೆಳಗಿತು. "ಮಾಲು ಕೆಡಿಸಿದ್ದು ಈ ಹುಡ್ಗ ಅಲ್ಲ ಸ್ವಾಮಿ, ನಾನು. ನಂಗೆ ವಾಸ್ನೆ ತಿಳೀದು. ಗಂಧವೂ ಒಂದೇಯ, ಗೊಬ್ರವೂ ಒಂದೇಯ. ನಿಮ್ಮ ತೊಟ್ಟಿ ಮುಂದೆ ನಿಂತೂ ನಿಂತೂ ಹೊಂಟೋಯ್ತು. ಇನ್ನೆಷ್ಟು ದಿನ ಬಚ್ಚಿಡ್ಲಿ? ಅಷ್ಟೇ ನನ್ನಪ್ಪಾ."

ಆಮೇಲೆ ಸಂಜಯ್ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಎಂಥ ಧೈರ್ಯ! ಇದೇ ನೋಡಿ ಆತ್ಮವಿಶ್ವಾಸ!" ಎಲ್ಲರೂ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಗುರುಕಿರಣ್ ಕೂಡ ತಟ್ಟಿದ. ಎಲ್ಲರಿಗಿಂತ ಕೊನೆಗೆ ಅವನ ಚಪ್ಪಾಳೆ ನಿಂತಿತು.

ಸಂಜೆ ಬಸಮ್ಮ ಹಗುರವಾಗಿ ನಡೆಯುತ್ತಿದ್ದಳು. "ಎದೆ ಮೇಲಿನ ಕಲ್ಲು ಇಳೀತು ಕಣ್ಲಾ. ಚಿಕ್ ಯಜಮಾನ್ರು ಏನಂದ್ರು ಗೊತ್ತಾ? 'ಥ್ಯಾಂಕ್ಸ್ ಬಸಮ್ಮ' ಅಂದ್ರು. ನೀನು ಎಲ್ಲಾರ ಮೇಲೂ ಗುಮಾನಿ ಪಡ್ತೀಯ. ಅಷ್ಟು ಒಳ್ಳೇದಲ್ಲ ಮಗ."

ತನ್ನ ಗುಮಾನಿಯೇ ತಪ್ಪಿರಬಹುದೇನೋ ಅಂತ ಆ ಒಂದು ರಾತ್ರಿ ದೇವರಾಜುವಿಗೂ ಅನ್ನಿಸಿತು.

ಶನಿವಾರ ಅವಳನ್ನು ಆಫೀಸಿಗೆ ಕರೆಸಿದರು. ಹೊರಗೆ ಬಂದವಳು ತೊಟ್ಟಿಯ ಮುಂದೆ ಕೈ ಆಡಿಸದೆ ನಿಂತಳು.

"ಏನಾಯ್ತಕ್ಕ?"

"ಎರಡು ಲೋಟ ಇಟ್ಟಿದ್ರು ಕಣ್ಲಾ. ಮೂಸಿ ನೋಡಿ, ಯಾವ್ದು ಗಂಧ, ಯಾವ್ದು ಮಲ್ಲಿಗೆ ಹೇಳಿ ಅಂದ್ರು. ಎದೆ ಡವಡವ ಅಂತಿತ್ತು. ಎಡಗಡೇದು ಗಂಧ ಅಂದೆ." "ಎರಡೂ ನೀರಂತೆ. ಬರೀ ನೀರು. ಎಲ್ಲಾ ನಕ್ಕುಬುಟ್ರು."

ಆ ದಿನ ಅವಳು ಒಂದು ಸಲವೂ ಅವನ ಮೊಣಕೈ ತಿವಿಯಲಿಲ್ಲ.

ಸೋಮವಾರ ಬೆಳಗ್ಗೆ ಗೇಟಿನ ಒಳಗೆ, ಕನ್ನಡಿಯ ಎದುರು, ಹೆಂಗಸರ ಸಾಲನ್ನು ತಡೆದು ನಿಲ್ಲಿಸಿ ಕುರ್ಚಿ ಹಾಕಿದ್ದರು. ಮೇಜಿನ ಮೇಲೆ ಅದೇ ಹಿತ್ತಾಳೆ ದೀಪ ಉರಿಯುತ್ತಿತ್ತು. ಬಸಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಸುಗಂಧರಾಜನ ಹಾರ ಹಾಕಿ, ಮಡಿಲಿಗೆ ತೆಂಗಿನಕಾಯಿ ಇಟ್ಟರು. ಸಂಜಯ್ ಫೋಟೋ ತೆಗೆದ.

"ಬಸಮ್ಮ ನಮ್ಮ ತಂದೆಯವರ ಕಾಲದವರು, ನಮ್ಮ ಮನೆಯವರೇ," ಎಂದು ಗುರುಕಿರಣ್ ಮೈಕು ಹಿಡಿದ. "ಅವರ ಆರೋಗ್ಯ, ಅವರ ನೆಮ್ಮದಿ ನಮಗೆ ಮುಖ್ಯ. ಆದ್ದರಿಂದ ಇವತ್ತಿಂದ ಅವರಿಗೆ ಪೂರ್ತಿ ರೆಸ್ಟ್ ಕೊಡ್ತಾ ಇದೀವಿ."

"ರೆಸ್ಟು ಅಂದ್ರೇನೆ?" ಪಕ್ಕದವಳು ನೀಲಮ್ಮನನ್ನು ಕೇಳಿದಳು.

"ಶಾಲು ಒದ್ಸಿ ಕತ್ ಇಡ್ದು ತಳ್ಳೋದು," ಅಂದಳು ನೀಲಮ್ಮ.

"ಅದ್ದುವ ಮನೆಗೆ ಇನ್ಮೇಲೆ ದೇವರಾಜು ಲೀಡರ್," ಗುರುಕಿರಣ್ ಮುಂದುವರಿಸಿದ. "ಅವತ್ತು ಇವನನ್ನ ಎಮ್ಮೆ ಅಂದಿದ್ದೆ. ತಮಾಷೆಗೆ. ತನ್ನವರಿಗೋಸ್ಕರ ತಪ್ಪು ಮೈಮೇಲೆ ಎಳ್ಕೊಂಡವನು ಇವನು. ಇಂಥವನೇ ನಮಗೆ ಬೇಕು. ಬಾರೋ ಮುಂದೆ."

ಬಸಮ್ಮ ಹಾರದ ಹೂವೊಂದನ್ನು ಬೆರಳುಗಳ ನಡುವೆ ಹೊಸಕುತ್ತ, ಸುಮ್ಮನೆ ಮೂಗಿನ ಬಳಿ ಹಿಡಿದುಕೊಂಡು ಕೂತಿದ್ದಳು.

ದೇವರಾಜು ಮುಂದೆ ಬಂದ. ದಿನಾ ತೊಟ್ಟಿಗೆ ಬಾಗಿ ನಿಲ್ಲುವ ಅವನ ಕೆಲಸದ ಅಂಗಿ ಎದೆಯಿಂದ ಹೊಟ್ಟೆಯವರೆಗೆ ಎಣ್ಣೆ ಕುಡಿದು ಮೈಗೆ ಅಂಟಿಕೊಂಡಿತ್ತು. ಸಂಜಯ್ ಮೈಕನ್ನು ಅವನ ಬಾಯಿಗೆ ಹಿಡಿದು, "ಹೇಳಿ ದೇವರಾಜು, ಈಗ ನಿಮಗೆ ಏನು ಅನ್ನಿಸ್ತಿದೆ?" ಅಂದ.

ಅವನು ಮೈಕನ್ನು ಸರಿಸಿ ಮೇಜಿನ ಮೇಲಿದ್ದ ದೀಪವನ್ನು ಎತ್ತಿಕೊಂಡ. ಗುರುಕಿರಣನ ಮುಂದೆ ಚಾಚಿದ.

"ಇಡ್ಕಳಿ ಸ್ವಾಮಿ. ಇದ್ನ ಇಡ್ಕಂಡು ಒಂದ್ ಮಾತೇಳಿ. ನಮ್ಮಕ್ಕನ ಮೂಗು ತಿಂದೋರ್ಯಾರು?"

ಗುರುಕಿರಣನ ಕೈ ಮುಂದೆ ಬರಲಿಲ್ಲ. ಅವನ ಕಣ್ಣು ದೀಪದ ಕುಡಿಯಿಂದ ಆ ಎಣ್ಣೆ ಅಂಗಿಗೆ, ಅಂಗಿಯಿಂದ ಕುಡಿಗೆ ಓಡಾಡಿತು. ಒಂದು ಹೆಜ್ಜೆ ಹಿಂದೆ ಸರಿದ. "ಏನೋ ಇದು ನಾಟಕ? ಇಡು ಕೆಳಗೆ."

ದೇವರಾಜು ಮೇಸ್ತ್ರಿಯ ಕಡೆ ತಿರುಗಿದ. "ನೀನು ಇಡ್ಕ, ಮೇಸ್ತ್ರಿ. ನಮ್ಮ ಪೈಕಿಯೋನಲ್ವ? ನೀಲಮ್ಮ ಯೋಳಿದ್ದು ದಿಟವೋ ಸುಳ್ಳೋ?"

ಮೇಸ್ತ್ರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಸಂಜಯನ ಕೈ ಮಾತ್ರ ಅರ್ಧ ದಾರಿ ಬಂತು. ಗುರುಕಿರಣನ ಮುಖ ನೋಡಿ ಹಿಂದಕ್ಕೆ ಹೋಯಿತು.

ದೇವರಾಜು ದೀಪ ಹಿಡಿದು ಅದ್ದುವ ಮನೆಯ ಕಡೆ ನಡೆದ. ತೆರೆದ ಬಾಗಿಲು, ಒಳಗೆ ಸಾಲಾಗಿ ತೊಟ್ಟಿಗಳು. ಹೆಂಗಸರು ಕಿರುಚಿಕೊಂಡರು. "ಲೋ, ಎಣ್ಣೆ ಐತಲ್ಲೋ!" ಎಂದು ಮೇಸ್ತ್ರಿ ಅರಚಿದ. ಗುರುಕಿರಣ್ ಕಾರಿನ ಹಿಂದೆ ಸೇರಿಕೊಂಡಿದ್ದ. ಹೊಸ್ತಿಲ ಮುಂದೆ ದೇವರಾಜು ನಿಂತ. ಆ ಎಣ್ಣೆಯ ಆವಿ ಎಂದಿನಂತೆ ಬಂದು ಅವನ ಮುಖಕ್ಕೆ ಬಡಿಯಿತು. ಮಲ್ಲಿಗೆ. ಅವನಿಗೆ ಇನ್ನೂ ಗೊತ್ತಾಗುತ್ತಿತ್ತು.

ಕಾಲಿನಿಂದ ಬಾಗಿಲನ್ನು ಎಳೆದು ಮುಚ್ಚಿದ. ತಿರುಗಿ ಗೇಟಿನ ಕಡೆ ಬಂದು, ಎಲ್ಲರೂ ನಗುತ್ತಾ ದಾಟಬೇಕಾದ ಆ ಕನ್ನಡಿಯ ಬುಡದಲ್ಲಿ ದೀಪವನ್ನು ಇಟ್ಟ. ಕನ್ನಡಿಯೊಳಗೆ ಇನ್ನೊಂದು ಹೊತ್ತಿಕೊಂಡಿತು.

ಬಸಮ್ಮ ಎದ್ದಳು. ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟಳು, ಹಾರವನ್ನು ತೆಗೆದು ಶಾಲಿನ ಮೇಲಿಟ್ಟಳು. ತೆಂಗಿನಕಾಯಿಯನ್ನು ಮಾತ್ರ ಬುತ್ತಿ ಚೀಲಕ್ಕೆ ಹಾಕಿಕೊಂಡಳು. ದೇವರಾಜು ಅವಳ ಚೀಲ ಈಸಿಕೊಂಡ.

"ಆರಿಸ್ರೋ ಅದನ್ನ!" ಗುರುಕಿರಣ್ ಕಾರಿನ ಹಿಂದಿನಿಂದ ಕೂಗಿದ. "ಯಾರಾದ್ರೂ ಆರಿಸ್ರೋ!"

ಹಚ್ಚಿದ ದೀಪವನ್ನು ಊದಿ ಆರಿಸುವ ಹೆಂಗಸು ಅಲ್ಲಿ ಒಬ್ಬಳೂ ಇರಲಿಲ್ಲ. ಅದರ ಮುಂದೆ ಹಲ್ಲು ಕಿಸಿದು ಒಳಗೆ ಹೋಗುವವಳೂ ಇರಲಿಲ್ಲ. ಸಾಲು ಕದಲದೆ ನಿಂತಿತ್ತು.

"ದೇವರಾಜು, ನಿಲ್ಲಿ!" ಸಂಜಯ್ ಗೇಟಿನವರೆಗೆ ಓಡಿ ಬಂದ. ಅವನ ಮೈಕು ಇನ್ನೂ ಕೈಯಲ್ಲೇ ಇತ್ತು, ದನಿ ಗೇಟಿನೆದುರಿನ ಖಾಲಿ ಸೈಟುಗಳ ಆಚೆಗೂ ಕೇಳುತ್ತಿತ್ತು. "ಕೋಪಾನ ಒಳಗೇ ಇಟ್ಕೋಬೇಡಿ. ಹೇಳ್ಬಿಡಿ. ಏನು ಅನ್ನಿಸ್ತಿದೆ ನಿಮಗೆ?"

ದೇವರಾಜು ಸೈಕಲ್ಲಿನ ಹ್ಯಾಂಡಲ್ಲಿಗೆ ಬಸಮ್ಮನ ಚೀಲ ಸಿಕ್ಕಿಸಿ, ಅವಳ ಪಕ್ಕದಲ್ಲಿ ಸೈಕಲ್ಲು ತಳ್ಳಿಕೊಂಡು, ತಿರುಗಿ ನೋಡದೆ, ಬಸ್ ಸ್ಟಾಪಿನ ಕಡೆ ನಡೆದ.